ಒಲೆಯ ಪಕ್ಕದ ಮೂರನೇ ಮರಿ

ಜಿಪರ್‌ಗುಲ್ ತನ್ನ ಕ್ಯಾಮೆರಾಕ್ಕೊಂದು ಕುರಿತೊಗಲಿನ ಕೋಟು ಹೊಲಿದಿದ್ದಾಳೆ ಎಂದು ಗೊತ್ತಾದಾಗ ಹಿಮಬೆಟ್ಟಗಳ ನಡುವಿನ ಅತ್‌ಬಾಷಿ ಊರಿನಲ್ಲಿ ನಗದವರು ಯಾರೂ ಉಳಿಯಲಿಲ್ಲ. ಮದುವೆಯಾಗಿ ಎರಡು ವರ್ಷವಾಯಿತು, ತೊಟ್ಟಿಲಿಗೆ ಹೊಲಿಯಬೇಕಾದವಳು ಯಂತ್ರಕ್ಕೆ ಹೊಲಿಯುತ್ತಾ ಕೂತಿದ್ದಾಳೆ ಎಂದು ನೀರಿನ ಕೊಳಾಯಿಯ ಹತ್ತಿರ ಹೆಂಗಸರು ಬಾಯಿಗೆ ಕೈಯಡ್ಡ ಇಟ್ಟು ಆಡಿಕೊಂಡರು. ಆಡಿಕೊಳ್ಳಲಿ ಬಿಡಿ. ಸೊನ್ನೆಗಿಂತ ಮೂವತ್ತನಾಲ್ಕು ಡಿಗ್ರಿ ಕೆಳಗಿನ ಚಳಿಯಲ್ಲಿ ಗಂಡಸರ ಮೀಸೆಯೇ ಮಂಜುಗಟ್ಟಿ ಕಡ್ಡಿಯಾಗುತ್ತದೆ. ಇನ್ನು ಕ್ಯಾಮೆರಾದ ಪಾಡು ಕೇಳಬೇಕೆ?

ಕೋಟು ಮಾತ್ರ ಚೆನ್ನಾಗಿ ಬಂದಿತ್ತು. ಉಣ್ಣೆಯ ಭಾಗ ಒಳಕ್ಕೆ, ತೊಗಲು ಹೊರಕ್ಕೆ. ಮುಂದೆ ಗಾಜು ಹೊರಗಿಣುಕಲು ಒಂದು ತೂತು, ಪಕ್ಕದಲ್ಲಿ ಕೈ ತೂರಿಸಲು ಇನ್ನೊಂದು. ನರೀನ್ ಪಟ್ಟಣದಲ್ಲಿ ಮದುವೆಗಳ ವಿಡಿಯೊ ತೆಗೆಯುತ್ತಿದ್ದ ಅವಳ ಸೋದರಮಾವ ಈ ವಿದ್ಯೆಯನ್ನೆಲ್ಲ ಕಲಿಸಿದ್ದ. ಬ್ಯಾಟರಿ ಚಳಿಗೆ ಬೇಗ ಸಾಯುತ್ತದೆ, ಅದನ್ನು ಎದೆಯ ಹತ್ತಿರ ಇಟ್ಟುಕೋ. ಗಾಜಿನ ಮೇಲೆ ಉಸಿರು ಬಿಡಬೇಡ. ಎಲ್ಲಕ್ಕಿಂತ ದೊಡ್ಡ ಮಾತು, ಚಳಿಯಲ್ಲಿ ತಣ್ಣಗಾದ ಕ್ಯಾಮೆರಾವನ್ನು ಹಾಗೇ ಬೆಚ್ಚಗಿನ ಮನೆಯೊಳಕ್ಕೆ ತರಬೇಡ. ತಂದರೆ ಮೈಯೆಲ್ಲ ಬೆವರಿ, ಹೊಟ್ಟೆಯೊಳಗೂ ನೀರಾಗುತ್ತದೆ. ತರಲೇಬೇಕಾದರೆ ಹೊರಗೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಾಯಿ ಬಿಗಿದು ತಾ. ಇಲ್ಲದಿದ್ದರೆ ಹೊರಗೇ ಇರಲಿ, ಅದೇನೂ ಅಳುವುದಿಲ್ಲ.

ಅತ್ತೆ ಬುರುಲ್ಚಾಗೆ ಈ ವಿದ್ಯೆಯ ಮೇಲೆ ಕವಡೆಯಷ್ಟೂ ಗೌರವ ಇರಲಿಲ್ಲ. ಆಕೆ ಕೆಟ್ಟವಳೇನಲ್ಲ, ಚುರುಕು ಹೆಂಗಸು. ಮೂವತ್ತೆರಡು ವರ್ಷದಿಂದ ಆ ಮನೆಯ ಒಲೆ, ದನ, ಕುರಿ, ಬಂದುಹೋಗುವವರು ಎಲ್ಲವನ್ನೂ ಒಬ್ಬಳೇ ತೂಗಿಸಿಕೊಂಡು ಬಂದವಳು. ಸೊಸೆ ಬಂದಳು, ಇನ್ನು ನನ್ನ ಸೊಂಟಕ್ಕೆ ಸ್ವಲ್ಪ ಬಿಡುವು ಎಂದುಕೊಂಡರೆ, ಬಂದ ಸೊಸೆ ಹೆಗಲ ಮೇಲೆ ಯಂತ್ರ ಹೊತ್ತು ಕಂಡವರ ಮನೆ ಸಮಾರಂಭಕ್ಕೆ ಹೋಗಬೇಕು ಎನ್ನುತ್ತಾಳೆ! ಆರು ತಿಂಗಳು ಇದೇ ಜಟಾಪಟಿ. ಕೊನೆಗೆ ಮಾವನಿಗೆ, ಅಂದರೆ ಬುರುಲ್ಚಾಳ ಗಂಡನಿಗೆ, ಆ ಕಡೆ ಪ್ರವಾದಿಯ ವಯಸ್ಸೆಂದು ಆಚರಿಸುವ ಅರವತ್ಮೂರು ತುಂಬಿದ ಸಂತೋಷಕ್ಕೆ ಊರೂಟ ಮತ್ತು ಕುದುರೆ ಓಟ ಎಂದು ಗೊತ್ತಾದಾಗ ಬುರುಲ್ಚಾ ಒಂದು ತೀರ್ಮಾನ ಕೊಟ್ಟಳು.

"ಪಟ್ಟಣದಿಂದ ಯಾರನ್ನೂ ಕರೆಸೋದು ಬೇಡ, ನೀನೇ ತೆಗಿ. ನೋಡಿದೋರು ತಲೆದೂಗಿದ್ರೆ ನಿನ್ನ ಇಷ್ಟ, ಎಲ್ಲಿಗೆ ಬೇಕಾದ್ರೂ ಹೋಗು, ನಾನು ತುಟಿಪಿಟಿಕ್ ಅನ್ನಲ್ಲ. ಕೆಟ್ಟುಹೋಯ್ತೋ, ಆ ಯಂತ್ರ ಮಾರಿಬಿಡೋದು. ಆಮೇಲೆ ಮತ್ತೆ ಈ ಮಾತು ಎತ್ತಬಾರದು. ಒಪ್ಪಿಗೆನಾ?"

"ಒಪ್ಪಿಗೆ ಅಪಾ," ಎಂದಳು ಜಿಪರ್‌ಗುಲ್. ಅಲ್ಲಿ ಅಮ್ಮನಿಗೂ ಅಪಾ, ಅತ್ತೆಗೂ ಅಪಾ. ಅಂದು ರಾತ್ರಿ ಅವಳಿಗೆ ನಿದ್ದೆ ಹತ್ತಲಿಲ್ಲ. ಕ್ಯಾಮೆರಾ ಹೋದರೆ ತನ್ನ ಅರ್ಧ ಜೀವವೇ ಹೋದಂತೆ ಎಂದು ಅವಳಿಗೆ ಗೊತ್ತಿತ್ತು.

ಫೆಬ್ರವರಿಯ ಆ ದಿನ ಬೆಳಗ್ಗೆ ಎಲ್ಲ ಸುಸೂತ್ರವಾಗಿಯೇ ನಡೆಯಿತು. ಹೊಗೆಯಾಡುವ ಕೊಪ್ಪರಿಗೆಗಳು, ತುಪ್ಪಳದ ಟೋಪಿಯ ಹಿರಿಯರು ಒಬ್ಬರನ್ನೊಬ್ಬರು ಅಪ್ಪಿಕೊಳ್ಳುವುದು, ಹದಿನೇಳು ಕುದುರೆಗಳು ಮೂಗಿನಿಂದ ಬಿಳಿ ಉಗಿ ಬಿಡುತ್ತಾ ಬಯಲಿನ ಆಚೆ ತುದಿಗೆ ಹೊರಟದ್ದು, ಎಲ್ಲವನ್ನೂ ಅವಳು ಹಿಡಿದಳು. ಓಟ ಶುರುವಾಗುವುದು ಹನ್ನೆರಡು ಕಿಲೋಮೀಟರು ಆಚೆ, ಮುಗಿಯುವುದು ಮನೆಯ ಮುಂದಿನ ಬಯಲಿನಲ್ಲಿ. ಗಂಡ ತಿಲೆಕ್ ಜೀಪಿನಲ್ಲಿ ಕುದುರೆಗಳ ಹಿಂದೆ ಹೋದ. ಓಟ ಬಿಡಿಸುವುದು ಅವನ ಕೆಲಸ. ಕುದುರೆಗಳು ಅಲ್ಲಿಗೆ ತಲುಪಲು ಹತ್ತಿರಹತ್ತಿರ ಒಂದು ಗಂಟೆ ಬೇಕು. ಅಷ್ಟರಲ್ಲಿ ಒಳಗಿನಿಂದ ಬುರುಲ್ಚಾ ಕೂಗು ಹಾಕಿದಳು.

"ಏ ಹುಡುಗಿ! ಕುದುರೆ ಬರೋವರೆಗೂ ಆಕಾಶ ನೋಡ್ತಾ ನಿಂತಿರ್ತೀಯಾ? ಹಿರಿಯರ ಕೋಣೆಗೆ ಚಹಾ ಯಾರು ಬಗ್ಗಿಸ್ತಾರೆ, ನಮ್ಮಜ್ಜಿನಾ?"

ಜಿಪರ್‌ಗುಲ್ ಕ್ಯಾಮೆರಾವನ್ನು ಕೋಟಿನ ಸಮೇತ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಾಯಿಗೆ ದಾರ ಬಿಗಿದು, ಒಲೆಯಿಲ್ಲದ ತಣ್ಣನೆಯ ಮುಂಗೋಣೆಯ ಬೆಂಚಿನ ಮೇಲೆ ಇಟ್ಟಳು. ಎರಡೂ ಬ್ಯಾಟರಿಗಳನ್ನು ಕುಪ್ಪಸದೊಳಗೆ ಸೇರಿಸಿಕೊಂಡು ಚಹಾ ಬಗ್ಗಿಸಲು ಓಡಿದಳು. ಎಂಟು ಹಿರಿಯರು, ಒಬ್ಬೊಬ್ಬರಿಗೆ ಆರಾರು ಬಟ್ಟಲು, ಅದೂ ಒಂದೊಂದು ಸಲಕ್ಕೆ ಅರ್ಧರ್ಧ ಬಟ್ಟಲು ಮಾತ್ರ. ತುಂಬಿಸಿ ಕೊಟ್ಟರೆ ಬೇಗ ಕುಡಿದು ಎದ್ದುಹೋಗಿ ಎಂದಂತಾಗುತ್ತದಲ್ಲ!

ಮುಕ್ಕಾಲು ಗಂಟೆಯ ಮೇಲೆ ಅವಳು ಮುಂಗೋಣೆಗೆ ಬಂದಾಗ ಬೆಂಚು ಖಾಲಿಯಿತ್ತು.

ಬೆಂಚಿನ ಕೆಳಗೆ, ಚಪ್ಪಲಿ ಬೂಟುಗಳ ರಾಶಿಯಲ್ಲಿ, ಕೋಟುಗಳ ಹಿಂದೆ ಎಲ್ಲ ಹುಡುಕಿದಳು. ಅಡುಗೆಮನೆಗೆ ನುಗ್ಗಿದಳು. ಅಲ್ಲಿ ಕೊಪ್ಪರಿಗೆಯಲ್ಲಿ ಮಾಂಸ ಕುದಿಯುತ್ತಿತ್ತು, ಚಹಾದ ನೀರು ಕಾಯಿಸುವ ಸಮೋವರ್ ಬುಸುಗುಡುತ್ತಿತ್ತು, ಕಿಟಕಿಯ ಗಾಜಿನಿಂದ ನೀರು ಇಳಿಯುತ್ತಿತ್ತು. ಒಲೆಯ ಪಕ್ಕದಲ್ಲಿ ಹಳೇ ಕಂಬಳಿಯ ಮೇಲೆ, ಅವಸರಪಟ್ಟು ಆ ಚಳಿಯಲ್ಲೇ ಹುಟ್ಟಿದ್ದ ಎರಡು ಕುರಿಮರಿಗಳು ಮಲಗಿದ್ದವು. ಅವುಗಳ ಪಕ್ಕದಲ್ಲಿ, ಕೋಟು ಬಿಚ್ಚಿಸಿಕೊಂಡು, ಗಾಜನ್ನು ಒಲೆಯ ಕಡೆ ತಿರುಗಿಸಿಕೊಂಡು ಕ್ಯಾಮೆರಾ ಕೂತಿತ್ತು. ಮೈಯೆಲ್ಲ ನೀರು.

ಮೂರಕ್ಕೂ ಕಾವಲಾಗಿ ಬುರುಲ್ಚಾಳ ಅತ್ತೆ, ಎಂಬತ್ತೊಂದು ವರ್ಷದ ಸೋನುನ್‌ಬುಬು, ಮೋಟು ಸ್ಟೂಲಿನ ಮೇಲೆ ಕೂತಿದ್ದಳು. ಮುಖದಲ್ಲಿ ಪುಣ್ಯದ ಕೆಲಸ ಮಾಡಿದ ತೃಪ್ತಿ.

"ಬಂದ್ಯಾ ಮಗಳೇ? ಅಲ್ಲ ಕಣೇ, ಇಷ್ಟು ದುಬಾರಿ ಸಾಮಾನು, ಆ ಚಳೀಲಿ ಹಾಗೇ ಬಿಸಾಕಿ ಹೋಗಿದೀಯಲ್ಲ! ಅದೂ ಚೀಲಕ್ಕೆ ತುರುಕಿ, ಬಾಯಿ ಕಟ್ಟಿ! ಉಸಿರಾಡೋದು ಬೇಡ್ವಾ ಅದಕ್ಕೆ? ನಾನು ನೋಡದಿದ್ರೆ ಸೆಟೆದುಹೋಗ್ತಿತ್ತು. ಮುಟ್ಟಿ ನೋಡು, ಈಗ ಹೇಗೆ ಬೆಚ್ಚಗಾಗಿದೆ."

ಆ ಸೀಮೆಯಲ್ಲಿ ಸೊಸೆಯಾದವಳು ಗಂಡನ ಕಡೆಯ ಹಿರಿಯರ ಹೆಸರನ್ನೇ ಬಾಯಲ್ಲಿ ಹೇಳುವಂತಿಲ್ಲ. ಇನ್ನು ಅವರ ಮುಖಕ್ಕೆ, ಅಜ್ಜೀ ನೀನು ಕೆಲಸ ಕೆಡಿಸಿದೆ ಎನ್ನುವುದುಂಟೆ? ಜಿಪರ್‌ಗುಲ್ ಬಗ್ಗಿ ಕ್ಯಾಮೆರಾವನ್ನು ಎತ್ತಿಕೊಂಡಳು. ಗಾಜು ಹಾಲಿನ ಹಾಗೆ ಬೆಳ್ಳಗಾಗಿತ್ತು. ತಲೆವಸ್ತ್ರದ ಅಂಚಿನಿಂದ ಮೆಲ್ಲನೆ ಒತ್ತಿದರೆ ಮೇಲಿನ ನೀರು ಹೋಯಿತು, ಒಳಗಿನ ಮಂಜು ಹಾಗೇ ಇತ್ತು. ಗಡಿಯಾರ ನೋಡಿದಳು. ಇನ್ನು ಹತ್ತು ನಿಮಿಷಕ್ಕೆ ಓಟ ಬಿಡುತ್ತಾರೆ. ಅಲ್ಲಿಂದ ಇಪ್ಪತ್ತು ನಿಮಿಷಕ್ಕೆ ಕುದುರೆಗಳು ಬಾಗಿಲಲ್ಲಿರುತ್ತವೆ. ಹೇಗಾದರೂ ಆಗಲಿ ಎಂದು ಕ್ಯಾಮೆರಾವನ್ನು ಅವುಚಿಕೊಂಡು ಬಾಗಿಲ ಕಡೆ ನಡೆದಳು.

"ಎಲ್ಲಿಗೇ?" ಅಜ್ಜಿಯ ಕೋಲು ಬಾಗಿಲಿಗೆ ಅಡ್ಡ ಬಂತು. "ಒದ್ದೆ ಮೈಯಲ್ಲಿ ಹೊರಗೆ ಒಯ್ತೀಯಾ? ಬುದ್ಧಿ ಇದೆಯಾ? ಒದ್ದೆ ಮರೀನ ಹೊರಗೆ ಬಿಟ್ರೆ ಏನಾಗುತ್ತೆ ಗೊತ್ತಾ? ಕಿವಿ ಮರಗಟ್ಟಿ ಉದುರಿಹೋಗುತ್ತೆ. ಪೂರ್ತಿ ಒಣಗೋ ತನಕ ಇದು ಹೊಸ್ತಿಲು ದಾಟಲ್ಲ. ನಾನು ಬಿಡಲ್ಲ."

ಜಿಪರ್‌ಗುಲ್ ನಿಂತುಬಿಟ್ಟಳು. ಅಜ್ಜಿ ಹೇಳಿದ್ದು ಅಕ್ಷರಶಃ ನಿಜ! ಈಗ ಹೊರಗೆ ಒಯ್ದರೆ ಒಳಗಿನ ನೀರೆಲ್ಲ ಮಂಜುಗಡ್ಡೆಯಾಗಿ ಕ್ಯಾಮೆರಾ ಪೂರ್ತಿ ಕೈಕೊಡುತ್ತದೆ. ಗಾಬರಿಯಲ್ಲಿ ತಾನೇ ಅದನ್ನು ಮರೆತಿದ್ದಳು. ಕೆಡಿಸಿದವಳೂ ಈ ಅಜ್ಜಿಯೇ, ಕಾಪಾಡುತ್ತಿರುವವಳೂ ಈ ಅಜ್ಜಿಯೇ. ನಗಬೇಕೋ ಅಳಬೇಕೋ ತಿಳಿಯದೆ ಅವಳು ಅತ್ತೇಬಿಟ್ಟಳು.

ಅದೇ ಹೊತ್ತಿಗೆ ಸೌಟು ಹಿಡಿದು ಬುರುಲ್ಚಾ ಒಳಗೆ ಬಂದಳು. ಅಳುವ ಸೊಸೆ, ನೀರಿಳಿಯುವ ಕ್ಯಾಮೆರಾ, ಬಾಗಿಲಿಗೆ ಅಡ್ಡ ಕೋಲು.

"ಏನಿದು ಅವತಾರ?"

"ಅಪಾ... ಚಳೀಲಿದ್ದದ್ದು ಒಳಗೆ ಬಂದುಬಿಡ್ತು. ಒಳಗೆಲ್ಲ ನೀರಾಗಿದೆ. ಒಣಗೋಕೆ ಒಂದು ಗಂಟೆನಾದ್ರೂ ಬೇಕು."

"ಒಳಗೆ ಬಂತಾ? ಅದಕ್ಕೇನು ಕಾಲಿದೆಯಾ? ಯಾರು ತಂದಿದ್ದು?"

ಜಿಪರ್‌ಗುಲ್ ನೆಲ ನೋಡಿದಳು.

"ನಾನು ತಂದೆ," ಎಂದಳು ಮುದುಕಿ ಹೆಮ್ಮೆಯಿಂದ. "ಇವಳು ಚಳೀಲಿ ಬಿಟ್ಟು ಹೋಗಿದ್ಲು. ಈಗಿನ ಹುಡುಗೀರಿಗೆ ಕರುಳೇ ಇಲ್ಲ."

ಬುರುಲ್ಚಾ ಅತ್ತೆಯ ಮುಖ ನೋಡಿದಳು, ಸೊಸೆಯ ಮುಖ ನೋಡಿದಳು. ನಿಜ ಹೇಳಬೇಕೆಂದರೆ ಅವಳು ಬಯಸಿದ್ದು ಇದನ್ನೇ. ಕೆಲಸ ಕೆಟ್ಟಿತ್ತು, ಇನ್ನು ಯಂತ್ರ ಮಾರಿಸಬಹುದಿತ್ತು, ನಾಳೆಯಿಂದ ಸೊಸೆ ಪೂರ್ತಿ ಅವಳ ಕೈಕೆಳಗೆ. ಒಂದು ಮಾತೂ ಆಡದೆ ಸುಮ್ಮನಿದ್ದರೆ ಸಾಕಿತ್ತು. ಆದರೆ ಹಾಗೆ ನೆಲ ನೋಡುತ್ತಾ ನಿಲ್ಲುವುದು ಏನೆಂದು ಆ ಮನೆಯಲ್ಲಿ ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಮೂವತ್ತೆರಡು ವರ್ಷ ಇದೇ ಮುದುಕಿಯ ಮುಂದೆ, ಇದೇ ಅಡುಗೆಮನೆಯಲ್ಲಿ, ತನ್ನದಲ್ಲದ ತಪ್ಪಿಗೆ ಅವಳು ನೆಲ ನೋಡಿದ್ದಳು. ಹಿಟ್ಟಿಗೆ ಉಪ್ಪು ಎರಡು ಸಲ ಹಾಕಿದ್ದು ಯಾರು, ಕರುವಿನ ಹಗ್ಗ ಬಿಚ್ಚಿಟ್ಟಿದ್ದು ಯಾರು ಎಂದು ಅವಳು ಒಂದು ದಿನವೂ ಹೇಳಿರಲಿಲ್ಲ.

"ಒಳ್ಳೇದೇ ಮಾಡಿದ್ರಿ ಅಪಾ," ಎಂದಳು ಅತ್ತೆಗೆ. ಸೊಸೆಯ ಕಡೆ ತಿರುಗಿ ದನಿ ತಗ್ಗಿಸಿದಳು. "ಅಳೋದು ನಿಲ್ಸು. ಎಲ್ಲಿಟ್ರೆ ಬೇಗ ಒಣಗುತ್ತೆ?"

"ಉಗಿ ಇಲ್ಲದ ಕಡೆ. ಹಿಂದಿನ ಕೋಣೇಲಿ, ಗೋಡೆ ಬೆಚ್ಚಗಿರುತ್ತಲ್ಲ, ಅಲ್ಲಿ. ಆದ್ರೆ ಓಟ..."

"ಓಟ ನನಗೆ ಬಿಡು. ಅಪಾ, ಈ ಮರೀನ ನೀವೇ ಹಿಂದಿನ ಕೋಣೆಗೆ ಒಯ್ದು ನೋಡ್ಕೋಬೇಕು. ಇಲ್ಲಿ ಹೊಗೆ, ಕೆಮ್ಮು ಹತ್ಕೊಂಡೀತು."

ಮುದುಕಿ ಕ್ಯಾಮೆರಾವನ್ನು ಎದೆಗವಚಿಕೊಂಡು ಎದ್ದಳು. ಬುರುಲ್ಚಾ ಫೋನು ತೆಗೆದು ಮಗನಿಗೆ ಮಾಡಿದಳು.

"ತಿಲೆಕ್, ಕುದುರೆ ಬಿಡಬೇಡ. ನಾನು ಹೇಳೋ ತನಕ ಬಿಡಬೇಡ."

"ಯಾಕೆ ಅಪಾ? ಇಲ್ಲಿ ಜನ ಸೆಟೆದುಹೋಗ್ತಿದಾರೆ! ಕುದುರೆಗಳು ಲಗಾಮು ಕಡೀತಿವೆ!"

"ಹಿರಿಯರು ಇನ್ನೂ ಹರಸಿಲ್ಲ ಕಣೋ. ಹರಸದೆ ಓಟ ಬಿಡ್ತೀಯಾ? ಕುದುರೆಗಳನ್ನ ಸುತ್ತಾಡಿಸ್ತಾ ಇರು."

ಫೋನು ಇಟ್ಟ ಮೇಲೆ ಅವಳಿಗೆ ತಾನು ಹೇಳಿದ್ದು ಎಂಥ ಸುಳ್ಳು ಎಂದು ಹೊಳೆಯಿತು. ಹಿರಿಯರು ಉಂಡು, ಅಂಗೈಯನ್ನು ಮುಖಕ್ಕೆ ಸವರಿ, ಆಗಲೇ ಹರಸಿಯಾಗಿತ್ತು. ಒಬ್ಬಿಬ್ಬರು ಬೂಟು ಹುಡುಕುತ್ತಿದ್ದರು. ಹಿರಿಯರು ಹರಸುವ ವಿಷಯದಲ್ಲಿ ಸುಳ್ಳು ಹೇಳುವುದೆಂದರೆ! ಬುರುಲ್ಚಾ ಒಂದು ಗಳಿಗೆ ಯೋಚಿಸಿದಳು. ಆಮೇಲೆ ಕೊಪ್ಪರಿಗೆಯಿಂದ ಮೃದುವಾದ ಪಕ್ಕೆಲುಬು, ಬಾಲದ ಕೊಬ್ಬು ಆರಿಸಿ ಹೊಸ ಹರಿವಾಣ ತುಂಬಿಸಿ ತಾನೇ ಹೊತ್ತು ಒಳಗೆ ಹೋದಳು. ಮತ್ತೆ ಊಟ ಬಂದರೆ ಮತ್ತೆ ಉಣ್ಣಬೇಕು, ಮತ್ತೆ ಉಂಡರೆ ಮತ್ತೆ ಹರಸಬೇಕು.

"ಕೂತ್ಕೊಳ್ಳಿ, ಕೂತ್ಕೊಳ್ಳಿ! ಇಷ್ಟು ಬೇಗ ಎದ್ರೆ ಹೇಗೆ? ಮೊದಲನೇ ಹರಿವಾಣ ಬರೀ ಬಾಯಿ ಚಪ್ಪರಿಸೋಕೆ."

"ಅಯ್ಯೋ ಸೊಸೇ, ಹೊಟ್ಟೆ ಬಿರೀತಿದೆ," ಎಂದ ಒಬ್ಬ ಹಿರಿಯ.

"ಹಾಗಾದ್ರೆ ನನ್ನ ಕೈಯಡುಗೆ ರುಚಿಸಲಿಲ್ಲ ಅಂತಾಯ್ತು."

ಅಷ್ಟು ಸಾಕಾಯಿತು. ಎಂಟು ಹಿರಿಯರು ಬೂಟು ಬಿಟ್ಟು ಮತ್ತೆ ಕೂತರು, ನಿಟ್ಟುಸಿರುಬಿಡುತ್ತಾ ಎಲುಬು ಕೈಗೆತ್ತಿಕೊಂಡರು.

ಹಿಂದಿನ ಕೋಣೆಯಲ್ಲಿ ಜಿಪರ್‌ಗುಲ್ ಕ್ಯಾಮೆರಾದ ಮುಚ್ಚಳಗಳನ್ನೆಲ್ಲ ತೆರೆದಿಟ್ಟಿದ್ದಳು. ಸೋನುನ್‌ಬುಬು ಅದನ್ನು ತೊಡೆಯ ಮೇಲಿಟ್ಟುಕೊಂಡು, ಬೆಚ್ಚಗಿನ ಗೋಡೆಗೆ ಬೆನ್ನು ಕೊಟ್ಟು, ಒಣ ಉಣ್ಣೆಯಿಂದ ಅದರ ಬೆನ್ನು ತಿಕ್ಕುತ್ತಾ, ಮರಿಗಳಿಗೆ ಹೇಳುವ ಹಾಗೆ ಏನೇನೋ ಗುನುಗುತ್ತಿದ್ದಳು. ಗಾಜಿನ ಮಂಜು ಅಂಚಿನಿಂದ ಕರಗತೊಡಗಿತು. ಅರ್ಧ ಗಂಟೆಗೆ ನಡುವೆ ಒಂದು ಗುಂಡಿಯಷ್ಟೇ ಮಸುಕು ಉಳಿಯಿತು. ಅದು ಮಾತ್ರ ಹೋಗಲೊಲ್ಲದು. ಜಿಪರ್‌ಗುಲ್ ಉಗುರು ಕಚ್ಚುತ್ತಾ ಅದನ್ನೇ ದಿಟ್ಟಿಸುತ್ತಿದ್ದಳು. ಅತ್ತ ತಿಲೆಕ್‌ನ ಫೋನಿನ ಮೇಲೆ ಫೋನು, ಇತ್ತ ಬುರುಲ್ಚಾ ಹಿರಿಯರಿಗೆ ಸಾರಿನ ಮೇಲೆ ಸಾರು. ಐವತ್ತು ನಿಮಿಷವಾದಾಗ ಮುದುಕಿ ಗಾಜನ್ನು ಕಿಟಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದಳು.

"ಒಣಗಿತು. ಈಗ ಬೇಕಾದ್ರೆ ಹೊರಗೆ ಆಡಲಿ."

ಎಂಟು ಹಿರಿಯರು ಉಸಿರು ಬಿಗಿಹಿಡಿದು ಎರಡನೇ ಸಲ ಹರಸಿದರು. ಕುದುರೆ ಬಿಟ್ಟರು.

ಮನೆಯ ಮುಂದೆ ಹುಲ್ಲು ಹೇರಿದ ಗಾಡಿಯೊಂದು ನಿಂತಿತ್ತು. ಜಿಪರ್‌ಗುಲ್ ಅದರ ಮೇಲೆ ಹತ್ತಿ ನಿಂತಳು. ಕ್ಯಾಮೆರಾ ಮತ್ತೆ ತನ್ನ ಕೋಟಿನೊಳಗೆ. ಹಿಂದಿನಿಂದ ಏದುಸಿರು ಕೇಳಿಸಿತು. ನೋಡಿದರೆ ಬುರುಲ್ಚಾ, ಕೈಯಲ್ಲಿ ಸೌಟು ಇನ್ನೂ ಹಾಗೇ ಇತ್ತು.

"ಸರಿ ಆಚೆ, ಜಾಗ ಬಿಡು. ಅಷ್ಟೆಲ್ಲ ಸುಳ್ಳು ಹೇಳಿದೀನಿ, ನೋಡದೆ ಹೋಗ್ತೀನಾ? ಆ ಇನ್ನೊಂದು ಬ್ಯಾಟರಿ ಎಲ್ಲಿ?"

"ಇಲ್ಲಿದೆ ಅಪಾ, ಎದೆ ಹತ್ರ."

"ಕೊಡಿಲ್ಲಿ. ಕಡ್ಡಿ ಹಾಗಿದೀಯಾ, ನಿನ್ನ ಹತ್ರ ಅದಕ್ಕೇನು ಬೆಚ್ಚಗಾಗುತ್ತೆ?" ಎಂದು ಬ್ಯಾಟರಿಯನ್ನು ಕಿತ್ತುಕೊಂಡು ತನ್ನ ತುಂಬಿದ ಎದೆಯೊಳಗೆ ಇಳಿಬಿಟ್ಟಳು. ಬಿಚ್ಚಿದ ಕೋಟಿನೊಳಕ್ಕೆ ಚಳಿ ನುಗ್ಗಿ ಕಿರುಚಿದಳು, ಜಿಪರ್‌ಗುಲ್‌ಗೆ ನಗು ತಡೆಯಲಾಗಲಿಲ್ಲ.

ಬಯಲಿನ ಅಂಚಿನಲ್ಲಿ ಬಿಳಿ ಮೋಡದಂತೆ ಹಿಮದ ಹುಡಿ ಎದ್ದಿತು. ಜನ ಹೋ ಎಂದರು. ಸರಿಯಾಗಿ ಆಗಲೇ ಕ್ಯಾಮೆರಾದೊಳಗೆ ಕೆಂಪು ದೀಪ ಮಿಣುಕಿತು.

"ಅಪಾ, ಬ್ಯಾಟರಿ!"

ಬುರುಲ್ಚಾ ಕೈ ಹಾಕಿ ಎಳೆದು ಕೊಟ್ಟಳು. ಆಗಷ್ಟೇ ಎಣ್ಣೆಯಿಂದ ತೆಗೆದ ಬೋರ್ಸೋಕ್ ಕಜ್ಜಾಯದ ಹಾಗೆ ಬೆಚ್ಚಗಿತ್ತು. ಜಿಪರ್‌ಗುಲ್ ಕೈಗವಸು ಹಲ್ಲಿನಲ್ಲಿ ಕಚ್ಚಿ ತೆಗೆದು ಬದಲಾಯಿಸಿದಳು. ಗಾಜಿನೊಳಗೆ ಕುದುರೆಗಳು ಸ್ಪಷ್ಟವಾಗಿ ಮೂಡಿದವು. ಮುಂದೆ ಆಚೆ ಹಳ್ಳಿಯ ಕಂದು ಕುದುರೆ, ಅದರ ಬಾಲಕ್ಕೆ ಅಂಟಿಕೊಂಡಂತೆ ಮಾವನ ಬೂದು ಹೆಣ್ಣುಕುದುರೆ. ಇನ್ನೂರು ಹೆಜ್ಜೆ, ನೂರು ಹೆಜ್ಜೆ. ಪಕ್ಕದಲ್ಲಿ ಯಾರೋ ಗಂಟಲು ಹರಿಯುವಂತೆ ಕೂಗುತ್ತಿದ್ದರು. ಬೂದು ಕುದುರೆ ಕುತ್ತಿಗೆ ಚಾಚಿ ಕೊನೆಯ ಗಳಿಗೆಯಲ್ಲಿ ಕಂದು ಕುದುರೆಯ ಮೂಗನ್ನು ದಾಟಿತು. ಅಷ್ಟೂ ಕ್ಯಾಮೆರಾದಲ್ಲಿ ಬಂತು. ಆಮೇಲೆ ಕೂಗುವವರು ಯಾರೆಂದು ಜಿಪರ್‌ಗುಲ್ ಅತ್ತ ತಿರುಗಿದಳು, ಅವಳ ಜೊತೆ ಕ್ಯಾಮೆರಾವೂ ತಿರುಗಿತು.

ಮಾರನೆಯ ದಿನ ಮಧ್ಯಾಹ್ನ ಉಳಿದ ನೆಂಟರು, ಪಕ್ಕದ ಮನೆಯವರು, ಕೊಳಾಯಿಯ ಹತ್ತಿರ ಆಡಿಕೊಂಡಿದ್ದ ಹೆಂಗಸರು ಎಲ್ಲ ಟಿವಿಯ ಮುಂದೆ ಒತ್ತಿಕೊಂಡು ಕೂತರು. ಕುದುರೆಗಳು ಹೊರಟದ್ದು ನೋಡಿ ತಲೆದೂಗಿದರು. ಗೆದ್ದದ್ದು ನೋಡಿ ಮತ್ತೊಮ್ಮೆ ಗೆದ್ದಂತೆ ಕೂಗಾಡಿದರು. ಅದು ಮುಗಿದ ಮೇಲೆ ಪರದೆಯ ತುಂಬ ಬುರುಲ್ಚಾ ಬಂದಳು.

ಹುಲ್ಲಿನ ಗಾಡಿಯ ಮೇಲೆ ಮಂಡಿ ಬಗ್ಗಿಸಿ, ಎಡಗೈಯಲ್ಲಿ ಇಲ್ಲದ ಲಗಾಮು ಹಿಡಿದು, ಬಲಗೈಯ ಸೌಟನ್ನು ಚಾಟಿಯ ಹಾಗೆ ಬೀಸುತ್ತಾ, "ಚೂ! ಚೂ! ನುಗ್ಗೇ ನನ್ನವ್ವಾ!" ಎಂದು ಕುಣಿಯುತ್ತಿದ್ದಳು. ತಲೆವಸ್ತ್ರ ಹಾರಿ ಹೋಗಿತ್ತು, ರೆಪ್ಪೆಗಳ ಮೇಲೆ ಮಂಜು, ಕೆನ್ನೆ ಕೆಂಪು. ಇಪ್ಪತ್ತು ವರ್ಷದ ಹುಡುಗಿಯಂತಿದ್ದಳು. ಕೋಣೆ ನಗುವಿನಿಂದ ಬಿರಿಯಿತು. ಮಾವ ನಕ್ಕು ನಕ್ಕು ಕಣ್ಣೊರೆಸಿಕೊಂಡ. ಬುರುಲ್ಚಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, "ನಿಲ್ಸೇ ಅದನ್ನ! ಮಾನ ಕಳೀತಿದೀಯಲ್ಲೇ!" ಎಂದಳು, ಬೆರಳ ಸಂದಿಯಿಂದ ನೋಡುತ್ತಲೇ ಇದ್ದಳು.

ನಗದವಳು ಒಬ್ಬಳೇ, ಸೋನುನ್‌ಬುಬು. ಅವಳು ಟಿವಿಯ ಹತ್ತಿರಕ್ಕೆ ಸರಿದು ಕೂತಳು.

"ಇನ್ನೊಂದ್ಸಲ ಹಾಕು ಮಗಳೇ."

ಹಾಕಿದಳು. ಮುದುಕಿ ಕೊನೆಯವರೆಗೂ ನೋಡಿದಳು.

"ಇವಳು ಈ ಮನೆಗೆ ಬಂದಾಗ ಹೀಗೇ ಇದ್ಲು," ಎಂದಳು. "ನಮ್ಮೂರ ಗಂಡಸರಿಗೆ ಇವಳ ಕುದುರೆಯ ಧೂಳು ಸಿಕ್ಕಿದ್ರೆ ಹೆಚ್ಚು. ಸೊಸೆಯಾದೋಳು ಕುದುರೆ ಮೇಲೆ ಹಾರಾಡಿದ್ರೆ ಜನ ಏನಂತಾರೆ ಅಂತ ನಾನೇ ಕೆಳಗಿಳಿಸಿದೆ. ಇವಳು ಒಂದು ಮಾತೂ ಆಡಲಿಲ್ಲ, ನೆಲ ನೋಡ್ತಾ ಹೋಗಿ ಹಾಲು ಕರೆದ್ಲು. ಎಷ್ಟು ಚೆನ್ನಾಗಿದೀಯೇ ಬುರುಲ್ಚಾ ಇದ್ರಲ್ಲಿ! ನಾನು ತಪ್ಪು ಮಾಡಿದೆ. ದೊಡ್ಡ ತಪ್ಪು ಮಾಡಿದೆ."

ಎಂಬತ್ತೊಂದು ವರ್ಷದಲ್ಲಿ ಆ ಮುದುಕಿಯ ಬಾಯಿಂದ ಅಂಥ ಮಾತು ಬಂದದ್ದನ್ನು ಕೇಳಿದವರಿರಲಿಲ್ಲ. ಬುರುಲ್ಚಾ ಮುಖದಿಂದ ಕೈ ತೆಗೆದಳು. ಅವಳ ಕಣ್ಣು ತುಂಬಿತ್ತು. ಎದ್ದು ಬಂದು ಅತ್ತೆಯ ಪಕ್ಕದಲ್ಲಿ ಕೂತು ಅವಳ ಸುಕ್ಕುಗಟ್ಟಿದ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡಳು. ಆಮೇಲೆ ಮೂಗು ಸೀಟಿ, ತನ್ನ ಎಂದಿನ ದನಿಯಲ್ಲಿ ಸೊಸೆಗೆ ಹೇಳಿದಳು.

"ಏನೇ ಹಾಗೆ ನೋಡ್ತಾ ಕೂತಿದೀಯಾ? ಶನಿವಾರ ಕೆಳಗಿನ ಬೀದೀಲಿ ಮದುವೆ ಇದೆಯಂತೆ, ವಿಡಿಯೊಗೆ ಯಾರೂ ಸಿಕ್ಕಿಲ್ಲವಂತೆ. ಹೋಗು. ಮನೆ ನಾನು ನೋಡ್ಕೋತೀನಿ. ಇಷ್ಟೇ ಒಂದು ಮಾತು, ಅದನ್ನ ಚಳಿಯಿಂದ ತಂದು ಒಲೆ ಹತ್ರ ಮಾತ್ರ ಇಡಬೇಡ."

ಸೋನುನ್‌ಬುಬು ತಟ್ಟನೆ ತಲೆಯೆತ್ತಿದಳು. "ಯಾಕೆ? ಒಲೆ ಹತ್ರ ಇಟ್ರೆ ಏನಾಗುತ್ತೆ? ನಾನೇನಾದ್ರೂ ಕೆಡಿಸಿದ್ನಾ?"

ಬುರುಲ್ಚಾ ಸೊಸೆಯ ಮುಖ ನೋಡಿದಳು, ಸೊಸೆ ಅತ್ತೆಯ ಮುಖ ನೋಡಿದಳು.

"ಇಲ್ಲ, ಇಲ್ಲ! ನೀವಿಲ್ಲದಿದ್ರೆ ಅದು ಸತ್ತೇಹೋಗ್ತಿತ್ತು," ಎಂದರು ಇಬ್ಬರೂ ಒಟ್ಟಿಗೆ.